ರೋಲ್‌ಬ್ಯಾಕ್ ಇಲ್ಲದ ರಸ್ತೆ

ಎಲಾನ್ ಮಸ್ಕ್ ಹೆಸರು ಬಂದರೆ ಸಾಕು, ನಮ್ಮ ಆಫೀಸಿನ ಕೆಫೆಟೇರಿಯಾ ಎರಡು ಪಾರ್ಟಿ ಆಗಿಬಿಡುತ್ತೆ. ಒಂದು ಪಾರ್ಟಿಗೆ ಆತ ಈ ಕಾಲದ ವಿಶ್ವೇಶ್ವರಯ್ಯ. ಇನ್ನೊಂದಕ್ಕೆ ಟ್ವೀಟು ಮಾಡಿ ಷೇರು ಏರಿಸೋ ಬುರುಡೆ ದಾಸ. ಎರಡೂ ಕಡೆಯವರು ಆತನ ರಾಕೆಟ್ಟು, ರಾಜಕೀಯ, ಮದುವೆ, ಮಕ್ಕಳು ಎಲ್ಲದರ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. 2008ರಿಂದ ಆತ ಬಿಡದೆ ಕೂತಿರೋ ಒಂದು ಕುರ್ಚಿಯ ಬಗ್ಗೆ ಮಾತ್ರ ಯಾರೂ ನಿಧಾನವಾಗಿ ಮಾತಾಡಲ್ಲ. ಅದು ಟೆಸ್ಲಾ ಎಂಬ ಕಾರು ಕಂಪನಿಯ ಸಿಇಒ ಕುರ್ಚಿ.

ಬೇರೆಲ್ಲ ಬದಿಗಿಟ್ಟು ಆ ಕುರ್ಚಿಯನ್ನಷ್ಟೇ ನೋಡೋಣ ಅಂತ ನನ್ನ ಆಸೆ. ಅದಕ್ಕೆ ಕಾರಣವೂ ಇದೆ. ಆತ ಕಾರಿನ ಲೋಕದಲ್ಲಿ ಬೆಳೆದವನಲ್ಲ, ನಮ್ಮ ಲೋಕದಿಂದ ಅಲ್ಲಿಗೆ ಹೋದವನು. ಕೋಡ್ ಬರೆದು, ಕಂಪನಿ ಮಾರಿ, ಬಂದ ದುಡ್ಡನ್ನೂ ಕಲಿತ ಅಭ್ಯಾಸವನ್ನೂ ಒಟ್ಟಿಗೆ ಹೊತ್ತುಕೊಂಡು ಕಾರ್ಖಾನೆಯೊಳಗೆ ಕಾಲಿಟ್ಟವನು. ಹಾಗಾಗಿ ಆತನ ವೃತ್ತಿಜೀವನದ ವಿಮರ್ಶೆ ಅಂದ್ರೆ ಒಂದು ಲೆಕ್ಕದಲ್ಲಿ ನಮ್ಮ ಅಭ್ಯಾಸಗಳದ್ದೇ ಕೋಡ್ ರಿವ್ಯೂ. ಆ ಅಭ್ಯಾಸ ಕಾರಿಗೆ ಏನು ಒಳ್ಳೇದು ಮಾಡಿತು, ಎಲ್ಲಿ ಎಡವಿತು, ಎಡವಿದಾಗ ಪೆಟ್ಟು ಯಾರಿಗೆ ಬಿತ್ತು ಅನ್ನೋದು ನನ್ನ ಪ್ರಶ್ನೆ.

ಮೊದಲ ಅಧ್ಯಾಯ ಬೇಗ ಮುಗಿಸೋಣ. 1995ರಲ್ಲಿ ತಮ್ಮ ಕಿಂಬಲ್ ಜೊತೆ ಸೇರಿ ಶುರು ಮಾಡಿದ್ದು ಜಿಪ್2. ಪೇಟೆಯ ಅಂಗಡಿಗಳ ವಿಳಾಸ, ನಕ್ಷೆ ತೋರಿಸೋ ಸಾಫ್ಟ್‌ವೇರನ್ನು ಪತ್ರಿಕೆಗಳಿಗೆ ಮಾರುತ್ತಿದ್ದ ಕಂಪನಿ. 1999ರಲ್ಲಿ ಕಾಂಪ್ಯಾಕ್ ಅದನ್ನು 30 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಆಶ್ಲೀ ವಾನ್ಸ್ 2015ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಒಂದು ವಿವರ ಬರುತ್ತೆ. ಮಸ್ಕ್ ಬರೆದಿದ್ದ ಕೋಡನ್ನು ಆಮೇಲೆ ಬಂದ ಪಳಗಿದ ಎಂಜಿನಿಯರುಗಳು ಬಹುಪಾಲು ತಿರುಗಿ ಬರೆಯಬೇಕಾಯ್ತು, ಆತನಿಗೆ ಅದು ಹಿಡಿಸಲಿಲ್ಲ. ನಂತರ ಬಂದದ್ದು ಎಕ್ಸ್ ಡಾಟ್ ಕಾಮ್ ಎಂಬ ಆನ್‌ಲೈನ್ ಬ್ಯಾಂಕ್. 2000ದಲ್ಲಿ ಅದು ಕಾನ್ಫಿನಿಟಿ ಕಂಪನಿಯ ಜೊತೆ ಸೇರಿತು. ಯೂನಿಕ್ಸ್ ಬಿಟ್ಟು ವಿಂಡೋಸ್‌ಗೆ ಹೋಗೋಣ ಅಂತ ಮಸ್ಕ್ ಹಟ ಹಿಡಿದ. ಒಳಜಗಳ ಜೋರಾಗಿ, ಆತ ಪ್ರವಾಸದಲ್ಲಿದ್ದಾಗಲೇ ಬೋರ್ಡು ಆತನನ್ನು ಸಿಇಒ ಸ್ಥಾನದಿಂದ ಇಳಿಸಿತು. ಅದೇ ಕಂಪನಿ ಪೇಪಾಲ್ ಆಗಿ 2002ರಲ್ಲಿ ಸುಮಾರು 150 ಕೋಟಿ ಡಾಲರಿಗೆ ಈಬೇ ಪಾಲಾಯ್ತು.

ಈ ಏಳು ವರ್ಷದಲ್ಲಿ ಆತ ಏನು ಕಲಿತಿರಬಹುದು? ನಾವೆಲ್ಲ ಮೊದಲ ಕೆಲಸದಲ್ಲಿ ಕಲಿತದ್ದನ್ನೇ: ಮೊದಲು ಬಿಡುಗಡೆ ಮಾಡು, ಆಮೇಲೆ ಸರಿ ಮಾಡು. ವೆಬ್‌ಸೈಟಿನಲ್ಲಿ ತಪ್ಪಿಗೆ ಬೆಲೆ ಕಡಿಮೆ. ನಕ್ಷೆಯಲ್ಲಿ ಅಂಗಡಿ ತಪ್ಪು ಬೀದಿಯಲ್ಲಿ ಕಂಡರೆ ಗಿರಾಕಿ ಬೈಕೊಂಡು ಪುಟ ರಿಫ್ರೆಶ್ ಮಾಡ್ತಾನೆ. ನಮ್ಮ ತಂಡದಲ್ಲಿ ಶುಕ್ರವಾರ ಸಂಜೆ ಹೋದ ರಿಲೀಸ್ ಕೆಟ್ಟರೆ ಐದೇ ನಿಮಿಷದಲ್ಲಿ ರೋಲ್‌ಬ್ಯಾಕ್ ಆಗುತ್ತೆ. ಹಳೇ ವರ್ಷನ್ ವಾಪಸ್, ಎಲ್ಲರೂ ಮನೆಗೆ. ಈ ಧೈರ್ಯ ತಪ್ಪಲ್ಲ. ಅದಿಲ್ಲದಿದ್ದರೆ ನಮ್ಮ ಕಸುಬೇ ಇರ್ತಿರಲಿಲ್ಲ.

ಈಗ ಟೆಸ್ಲಾ. ಅದನ್ನು 2003ರಲ್ಲಿ ಕಟ್ಟಿದವರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಮಸ್ಕ್ ಬಂದದ್ದು 2004ರಲ್ಲಿ, ಮೊದಲ ಸುತ್ತಿನ 75 ಲಕ್ಷ ಡಾಲರಿನಲ್ಲಿ 65 ಲಕ್ಷ ತಾನೇ ಹಾಕಿ, ಅಧ್ಯಕ್ಷನಾಗಿ. 2007ರಲ್ಲಿ ಎಬರ್‌ಹಾರ್ಡ್ ಸಿಇಒ ಸ್ಥಾನ ಕಳಕೊಂಡರು. ನಡುವೆ ಇಬ್ಬರು ಬಂದುಹೋದ ಮೇಲೆ 2008ರ ಅಕ್ಟೋಬರಲ್ಲಿ ಮಸ್ಕ್ ತಾನೇ ಕುರ್ಚಿಯಲ್ಲಿ ಕೂತ. ಯಾರು ಸ್ಥಾಪಕ ಅನ್ನೋ ಜಗಳ ಕೋರ್ಟು ಮೆಟ್ಟಿಲೇರಿ, 2009ರ ರಾಜಿಯಲ್ಲಿ ಮಸ್ಕ್ ಸೇರಿ ಐದು ಜನ ಆ ಬಿರುದು ಹಂಚಿಕೊಂಡರು.

ಸಲ್ಲಬೇಕಾದ್ದು ಸಲ್ಲಲೇಬೇಕು. 2008ರ ಕೊನೆಗೆ ಕಂಪನಿ ಮುಳುಗೋ ಸ್ಥಿತಿಯಲ್ಲಿತ್ತು. ಮಸ್ಕ್ ತನ್ನ ಕೈಲಿ ಉಳಿದ ದುಡ್ಡನ್ನೂ ಸುರಿದ, ಕ್ರಿಸ್‌ಮಸ್ ಹಿಂದಿನ ದಿನ ಹೂಡಿಕೆಯ ಒಪ್ಪಂದ ಮುಗಿಸಿದ. ಮರುವರ್ಷ ಡೈಮ್ಲರ್ 5 ಕೋಟಿ ಡಾಲರ್ ಹಾಕಿತು, ಅಮೆರಿಕ ಸರ್ಕಾರ 46.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಸ್ವಂತ ಬಲದಿಂದಲೇ ಎದ್ದವನು ಅಂತ ಸ್ಟೇಟಸ್ ಹಾಕೋರು ಈ ಸಾಲದ ಸಾಲನ್ನು ಹಾರಿಸಿ ಓದ್ತಾರೆ. ಸಾಲವನ್ನು 2013ರಲ್ಲೇ ತೀರಿಸಿದ್ದೂ ನಿಜ. 2012ರಲ್ಲಿ ಮಾಡೆಲ್ ಎಸ್ ಬಂತು. 2023ರ ಹೊತ್ತಿಗೆ ವರ್ಷಕ್ಕೆ 18 ಲಕ್ಷ ಕಾರು. ಎಲೆಕ್ಟ್ರಿಕ್ ಕಾರು ಅಂದ್ರೆ ಗಾಲ್ಫ್ ಮೈದಾನದ ಗಾಡಿ ಅಂತ ನಗ್ತಿದ್ದ ಉದ್ಯಮವೇ ದಿಕ್ಕು ಬದಲಿಸಿತು. ಇದನ್ನು ಒಪ್ಪದೆ ಮಸ್ಕ್‌ನ ಟೀಕೆ ಮಾಡೋದು ಬರೀ ಹೊಟ್ಟೆಕಿಚ್ಚು.

ಆ ಗೆಲುವಿನಲ್ಲಿ ನಮ್ಮ ಕಸುಬಿನ ಪಾಲೂ ದೊಡ್ಡದು. ಮೊದಲ ರೋಡ್‌ಸ್ಟರ್ ಕಾರಿನ ಬ್ಯಾಟರಿಯಲ್ಲಿ ಇದ್ದದ್ದು ಲ್ಯಾಪ್‌ಟಾಪಿನಲ್ಲಿ ಬರೋ ಜಾತಿಯ 6,831 ಚಿಕ್ಕ ಸೆಲ್‌ಗಳು. ಅವು ಒಂದಕ್ಕೊಂದು ಬೆಂಕಿ ಹಚ್ಚಿಕೊಳ್ಳದ ಹಾಗೆ ನೋಡಿಕೊಳ್ಳೋದರಲ್ಲಿ ಜೆ. ಬಿ. ಸ್ಟ್ರಾಬೆಲ್ ಮತ್ತವರ ತಂಡದ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಕೆಲಸ ದೊಡ್ಡದಿತ್ತು. ಇನ್ನೊಂದು ಉದಾಹರಣೆ 2018ರದ್ದು. ಅಮೆರಿಕದ ಗ್ರಾಹಕ ಪತ್ರಿಕೆ ಕನ್‌ಸ್ಯೂಮರ್ ರಿಪೋರ್ಟ್ಸ್ ಮಾಡೆಲ್ 3 ಕಾರಿನ ಬ್ರೇಕ್ ಪರೀಕ್ಷಿಸಿತು. ಗಂಟೆಗೆ 60 ಮೈಲಿ ವೇಗದಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲೋಕೆ 152 ಅಡಿ ಬೇಕಾಯ್ತು. ಫೋರ್ಡಿನ ದೊಡ್ಡ ಪಿಕಪ್ ಟ್ರಕ್ಕಿಗಿಂತ ಕಡೆ. ಪತ್ರಿಕೆ ಈ ಕಾರು ಕೊಳ್ಳಿ ಅಂತ ಹೇಳಲ್ಲ ಅಂದುಬಿಟ್ಟಿತು. ಒಂದೆರಡು ವಾರದಲ್ಲಿ ಟೆಸ್ಲಾ ಗಾಳಿಯಲ್ಲೇ ಒಂದು ಅಪ್‌ಡೇಟ್ ಕಳಿಸಿತು. ಮತ್ತೆ ಅಳೆದರೆ 133 ಅಡಿ. ಗ್ಯಾರೇಜಿಗೆ ಹೋಗಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ, 19 ಅಡಿ ಉಳೀತು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಕಸುಬಿನ ಬಗ್ಗೆ ನಿಜಕ್ಕೂ ಹೆಮ್ಮೆ ಆಗಿತ್ತು.

ಆದ್ರೆ ಅದೇ ಸುದ್ದಿಯನ್ನು ಹಿಂದಿನಿಂದ ಓದಿ. ಗ್ರಾಹಕ ಪತ್ರಿಕೆಯೊಂದು ಅಳೆಯೋವರೆಗೂ ಆ ಕಾರುಗಳು ರಸ್ತೆಯ ಮೇಲೇ ಇದ್ದವು, ಹಳೇ ಬ್ರೇಕ್ ಕೋಡಿನ ಜೊತೆ. ಪರೀಕ್ಷೆ ಮುಗಿಸಿ ಮಾರೋದರ ಬದಲು ಮಾರಿದ ಮೇಲೆ ಪರೀಕ್ಷೆ.

ನಮ್ಮ ಕಸುಬಿನ ಇನ್ನೊಂದು ಗುಣವೂ ಕಾರಿನೊಳಗೆ ಹೋಯ್ತು. 2018ರವರೆಗಿನ ಬಹಳಷ್ಟು ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳ ನಡುವಿನ ದೊಡ್ಡ ಸ್ಕ್ರೀನಿನ ಹಿಂದೆ 8 ಜಿಬಿಯ ಫ್ಲ್ಯಾಶ್ ಮೆಮೊರಿ ಇತ್ತು. ಫ್ಲ್ಯಾಶ್ ಮೆಮೊರಿಗೆ ಇಷ್ಟು ಸಲ ಬರೆದು ಅಳಿಸಬಹುದು ಅನ್ನೋ ಮಿತಿ ಇರುತ್ತೆ. ಕಾರು ಬರೀತಾನೇ ಇತ್ತು, ಐದಾರು ವರ್ಷದಲ್ಲಿ ಮೆಮೊರಿ ಸವೆದು ಸ್ಕ್ರೀನ್ ಸಾಯೋಕೆ ಶುರುವಾಯ್ತು. ಸ್ಕ್ರೀನ್ ಸತ್ತರೆ ಹಿಂಬದಿಯ ಕ್ಯಾಮೆರಾ ಇಲ್ಲ, ಗಾಜಿನ ಮಂಜು ತೆಗೆಯೋ ಬಟನ್ನೂ ಇಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಪಟ್ಟು ಹಿಡಿದ ಮೇಲೆ 2021ರಲ್ಲಿ ಸುಮಾರು 1,35,000 ಕಾರುಗಳನ್ನು ರೀಕಾಲ್ ಮಾಡಬೇಕಾಯ್ತು. ಆಗಲೂ ಕಂಪನಿ ವಾದಿಸಿದ್ದು, ಇಂಥ ಬಿಡಿಭಾಗ ಕಾರಿನ ಇಡೀ ಆಯುಷ್ಯ ಬಾಳಬೇಕು ಅನ್ನೋದು ಆರ್ಥಿಕವಾಗಿ ಆಗದ ಮಾತು ಅಂತ. ಫೋನ್ ಮಾಡೋರ ಬಾಯಲ್ಲಿ ಈ ಮಾತು ಸಹಜ. ಒಂದೇ ಟ್ರಾಕ್ಟರನ್ನು ಅಪ್ಪ ಮಗ ಇಬ್ಬರೂ ಓಡಿಸಿದ್ದನ್ನು ನೋಡಿ ಬೆಳೆದ ನನ್ನಂಥವನಿಗೆ ಇದು ಕಿವಿಗೆ ಚುಚ್ಚುತ್ತೆ. ಲಾಗ್ ಫೈಲ್ ಬರೆದು ಡಿಸ್ಕ್ ತುಂಬಿಸೋದು ಯಾವ ತಂಡದಲ್ಲೂ ನಡೆಯೋ ಬಗ್. ಇಲ್ಲಿ ಅದಕ್ಕೆ ನಾಲ್ಕು ಚಕ್ರ ಇತ್ತು.

ಈ ವೃತ್ತಿಜೀವನದಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ 2017–18ರದ್ದು. ಮಾಡೆಲ್ 3 ಕಾರನ್ನು ವಾರಕ್ಕೆ 5,000 ಮಾಡ್ತೀವಿ, ಅದೂ 2017ರ ಕೊನೆಗೇ, ಅಂತ ಮಸ್ಕ್ ಮಾತು ಕೊಟ್ಟಿದ್ದ. ಮನುಷ್ಯರೇ ಇಲ್ಲದ, ಬರೀ ರೋಬಾಟುಗಳ ಕಾರ್ಖಾನೆ ಆತನ ಕನಸು. ರೋಬಾಟುಗಳು ಕೈಕೊಟ್ಟವು. ಇದರಲ್ಲಿ ಒಂದು ಪ್ರಸಂಗವನ್ನು ಆತನೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ. ಬ್ಯಾಟರಿ ಪ್ಯಾಕಿನ ಮೇಲೆ ಫೈಬರ್‌ಗ್ಲಾಸಿನ ಚಾಪೆಯಂಥದ್ದನ್ನು ಅಂಟಿಸಬೇಕಿತ್ತು. ಮೆತ್ತಗಿನ ಆ ಚಾಪೆಯನ್ನು ಎತ್ತೋಕೆ ರೋಬಾಟಿಗೆ ಆಗ್ತಿರಲಿಲ್ಲ, ಇಡೀ ಲೈನ್ ನಿಲ್ತಿತ್ತು. ಆತ ಮೊದಲು ರೋಬಾಟನ್ನು ಸರಿಮಾಡೋಕೆ ಹೋದ. ಆಮೇಲೆ ಅಂಟು ಕಡಿಮೆ ಮಾಡಿದ, ವೇಗ ಹೆಚ್ಚಿಸಿದ. ಕೊನೆಗೆ ಕೇಳಿದ, ಈ ಚಾಪೆ ಯಾಕೆ? ಬ್ಯಾಟರಿಯವರು ಅಂದ್ರು, ಸದ್ದು ತಡೆಯೋಕೆ. ಸದ್ದಿನ ವಿಭಾಗದವರು ಅಂದ್ರು, ಬೆಂಕಿ ತಡೆಯೋಕೆ. ಚಾಪೆ ಇರೋ ಕಾರು, ಇಲ್ಲದ ಕಾರು ಎರಡರಲ್ಲೂ ಮೈಕ್ ಇಟ್ಟು ಕೇಳಿದರೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಚಾಪೆಯನ್ನೇ ಕಿತ್ತುಹಾಕಿದರು.

ಹಳೇ ಕೋಡಿನಲ್ಲಿ ಕೈಯಾಡಿಸಿದ ಯಾರಿಗೂ ಈ ಕತೆ ನಗು ತರಿಸುತ್ತೆ. ಯಾರೋ ಯಾವಾಗಲೋ ಬರೆದ ಫಂಕ್ಷನ್, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಮುಟ್ಟೋಕೆ ಎಲ್ಲರಿಗೂ ಭಯ. ಮಸ್ಕ್ ಇದರಿಂದ ಐದು ಹೆಜ್ಜೆಯ ಒಂದು ಸೂತ್ರ ಮಾಡಿಕೊಂಡ. ವಾಲ್ಟರ್ ಐಸಾಕ್ಸನ್ 2023ರ ಜೀವನಚರಿತ್ರೆಯಲ್ಲಿ ಅದನ್ನು ವಿವರವಾಗಿ ಕೊಡ್ತಾರೆ. ಪ್ರತಿ ಬೇಡಿಕೆಯನ್ನೂ ಪ್ರಶ್ನಿಸು. ಅಳಿಸಬಹುದಾದ್ದನ್ನೆಲ್ಲ ಅಳಿಸು. ಉಳಿದದ್ದನ್ನು ಸರಳ ಮಾಡು. ವೇಗ ಹೆಚ್ಚಿಸು. ಎಲ್ಲಕ್ಕೂ ಕೊನೆಗೆ ಯಂತ್ರಕ್ಕೆ ವಹಿಸು. ಎರಡನೇ ಹೆಜ್ಜೆಗೆ ಒಂದು ಅಳತೆಯೂ ಇದೆ: ಅಳಿಸಿದ್ದರಲ್ಲಿ ಶೇ. 10ರಷ್ಟನ್ನಾದರೂ ಮತ್ತೆ ಸೇರಿಸೋ ಪರಿಸ್ಥಿತಿ ಬರದಿದ್ದರೆ ನೀನು ಸಾಕಷ್ಟು ಅಳಿಸಿಲ್ಲ ಅಂತರ್ಥ. 2018ರ ಏಪ್ರಿಲ್‌ನಲ್ಲಿ ಆತ ಬಹಿರಂಗವಾಗಿಯೇ ಬರೆದ, ಅತಿ ಯಾಂತ್ರೀಕರಣ ತನ್ನದೇ ತಪ್ಪು, ಮನುಷ್ಯರನ್ನು ಕಡಿಮೆ ಅಂದಾಜು ಮಾಡಿದ್ದೆವು ಅಂತ. ಫ್ರೀಮಾಂಟ್ ಕಾರ್ಖಾನೆಯ ಅಂಗಳದಲ್ಲಿ ಒಂದು ಭಾರೀ ಟೆಂಟ್ ಎದ್ದಿತು. ಅದರೊಳಗೆ ಮನುಷ್ಯರ ಕೈಯಿಂದಲೇ ಜೋಡಣೆ. ಜೂನ್ ಕೊನೆಯ ವಾರ 5,031 ಮಾಡೆಲ್ 3 ಕಾರು ಹೊರಬಂದವು. ಆರು ತಿಂಗಳು ತಡ, ಆದರೂ ಬಂದವು. ಸಾಫ್ಟ್‌ವೇರ್ ಮನುಷ್ಯನೊಬ್ಬ ಕಾರ್ಖಾನೆಗೆ ತಲೆಬಾಗಿ ಕಲಿತ ಕ್ಷಣ ಅದು.

ತೊಂದರೆ ಶುರುವಾಗೋದು ಆ ಸೂತ್ರ ಕಾರ್ಖಾನೆಯ ಗೇಟು ದಾಟಿ ರಸ್ತೆಗೆ ಇಳಿದಾಗ. ಶೇ. 10 ಮತ್ತೆ ಸೇರಿಸೋ ನಿಯಮ ಕಾರ್ಖಾನೆಯಲ್ಲಿ ಚೆನ್ನ. ಚಾಪೆ ಬೇಕಿತ್ತು ಅಂತ ಆಮೇಲೆ ಗೊತ್ತಾದರೆ ಮರುದಿನ ಅಂಟಿಸಬಹುದು. ರಸ್ತೆಯಲ್ಲಿ ಅಳಿಸಿದ್ದು ಬೇಕಿತ್ತು ಅಂತ ಗೊತ್ತಾಗೋದು ಹೇಗೆ? ಯಾರಿಗಾದರೂ ಪೆಟ್ಟಾದ ಮೇಲೆ.

2021ರಲ್ಲಿ ಟೆಸ್ಲಾ ಮಾಡೆಲ್ 3, ಮಾಡೆಲ್ ವೈ ಕಾರುಗಳಿಂದ ರೇಡಾರನ್ನು ತೆಗೆಯಿತು, ಕ್ಯಾಮೆರಾ ಒಂದೇ ಸಾಕು ಅಂತ. ಒಳಗಿನ ಎಂಜಿನಿಯರುಗಳಲ್ಲೇ ಕೆಲವರು ಬೇಡ ಅಂದಿದ್ದರು ಎಂದು ಅಮೆರಿಕದ ಪತ್ರಿಕೆಗಳು ಬರೆದವು. 2022ರಲ್ಲಿ ಪಾರ್ಕಿಂಗ್‌ಗೆ ನೆರವಾಗೋ ಅಲ್ಟ್ರಾಸಾನಿಕ್ ಸೆನ್ಸರುಗಳೂ ಹೋದವು. ಅವುಗಳ ಕೆಲಸ ಮಾಡೋ ಸಾಫ್ಟ್‌ವೇರ್ ಇನ್ನೂ ತಯಾರಿರಲಿಲ್ಲ, ಹೊಸ ಕಾರು ಕೊಂಡವರು ಆ ಸೌಲಭ್ಯಕ್ಕೆ ಕಾಯಬೇಕಾಯ್ತು. ಅದೇ ವರ್ಷ ಫೆಬ್ರವರಿಯಲ್ಲಿ ಇನ್ನೂ ವಿಚಿತ್ರವಾದ ರೀಕಾಲ್ ಆಯ್ತು. ಸುಮಾರು 54,000 ಕಾರುಗಳಲ್ಲಿ 'ಸ್ಟಾಪ್' ಫಲಕ ಬಂದರೂ ಪೂರ್ತಿ ನಿಲ್ಲಿಸದೆ ನಿಧಾನಕ್ಕೆ ಉರುಳಿಕೊಂಡು ಹೋಗೋ ಆಯ್ಕೆ ಇತ್ತು. ಅದು ಬಗ್ ಅಲ್ಲ ಸ್ವಾಮಿ, ಯಾರೋ ಕೂತು ಡಿಸೈನ್ ಮಾಡಿದ ಫೀಚರ್. ಯಾವ ವೇಗದೊಳಗೆ ಉರುಳಬಹುದು, ಅಕ್ಕಪಕ್ಕ ಯಾರೂ ಇಲ್ಲ ಅಂತ ಹೇಗೆ ತಿಳಿಯೋದು, ಎಲ್ಲ ಲೆಕ್ಕ ಹಾಕಿದ್ದರು. ಪ್ರತಿ ಬೇಡಿಕೆಯನ್ನೂ ಪ್ರಶ್ನಿಸು ಅನ್ನೋ ಮೊದಲ ಹೆಜ್ಜೆ ಇಲ್ಲಿ ಟ್ರಾಫಿಕ್ ಕಾನೂನನ್ನೇ ಪ್ರಶ್ನಿಸಿಬಿಟ್ಟಿತ್ತು.

ಇನ್ನು 'ಫುಲ್ ಸೆಲ್ಫ್ ಡ್ರೈವಿಂಗ್', ಅಂದ್ರೆ ಕಾರು ತಾನೇ ಓಡುತ್ತೆ ಅನ್ನೋ ಮಾತು. 2016ರ ಅಕ್ಟೋಬರ್‌ನಿಂದಲೇ ಅದನ್ನು ದುಡ್ಡಿಗೆ ಮಾರೋಕೆ ಶುರು. 2017ರ ಕೊನೆಗೆ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಕಾರು ತಾನೇ ಹೋಗುತ್ತೆ ಅಂದ, ಹೋಗಲಿಲ್ಲ. 2019ರಲ್ಲಿ, ಮುಂದಿನ ವರ್ಷ ಹತ್ತು ಲಕ್ಷ ರೋಬೋ ಟ್ಯಾಕ್ಸಿ ಅಂದ, ಬರಲಿಲ್ಲ. ಬೆಲೆ ಮಾತ್ರ ಏರುತ್ತಾ 2022ರಲ್ಲಿ 15,000 ಡಾಲರ್ ಮುಟ್ಟಿತು. 2024ರಲ್ಲಿ ಹೆಸರಿನ ಬಾಲಕ್ಕೆ 'ಸೂಪರ್‌ವೈಸ್ಡ್' ಅಂತ ಸೇರಿಸಿದರು. ಕಾರು ತಾನೇ ಓಡುತ್ತೆ, ನೀವು ಕಣ್ಣು ತೆಗೆಯಬೇಡಿ ಅಂತ. 2025ರ ಜೂನ್‌ನಲ್ಲಿ ಆಸ್ಟಿನ್ ನಗರದಲ್ಲಿ ಕೊನೆಗೂ ಟ್ಯಾಕ್ಸಿ ಶುರುವಾದಾಗ ಪಕ್ಕದ ಸೀಟಿನಲ್ಲಿ ಕಂಪನಿಯ ಮನುಷ್ಯ ಕಾವಲಿದ್ದ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಗೊತ್ತಿತ್ತು. ಕುಲಾವಿಯನ್ನು ಒಂಬತ್ತು ವರ್ಷ ಮುಂಗಡ ತಗೊಂಡು ಮಾರಿದ್ದು ಇದೇ ಮೊದಲಿರಬೇಕು.

ಈ ಮಾರಾಟಕ್ಕೆ ನಿಂತಿದ್ದು ಒಂದು ವಿಡಿಯೋ. 2016ರಲ್ಲಿ ಬಂದ ಅದರಲ್ಲಿ ಕಾರು ತಾನೇ ಓಡುತ್ತೆ, ಡ್ರೈವರ್ ಸೀಟಿನಲ್ಲಿರೋ ಮನುಷ್ಯ ಕಾನೂನಿನ ಸಲುವಾಗಿ ಮಾತ್ರ ಕೂತಿದ್ದಾನೆ ಅಂತ ಶುರುವಿನಲ್ಲೇ ಬರುತ್ತೆ. ಚೆನ್ನೈನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮ ಹಾಗೆ ಬಿಇ ಓದಿ, ಆಟೋಪೈಲಟ್ ವಿಭಾಗವನ್ನು ಮುನ್ನಡೆಸುವ ಮಟ್ಟಕ್ಕೆ ಬೆಳೆದ ಅಶೋಕ್ ಎಲ್ಲುಸ್ವಾಮಿ 2022ರಲ್ಲಿ ಪ್ರಕರಣವೊಂದರಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ದಾರಿಯನ್ನು ಮೊದಲೇ ಗುರುತು ಮಾಡಿಟ್ಟಿದ್ದರು. ನಡುನಡುವೆ ಡ್ರೈವರ್ ಕೈ ಹಾಕಿದ್ದ. ಚಿತ್ರೀಕರಣದ ಓಡಾಟದಲ್ಲಿ ಒಂದು ಕಾರು ಕಂಪನಿಯದೇ ಪಾರ್ಕಿಂಗ್ ಜಾಗದ ಬೇಲಿಗೆ ಗುದ್ದಿತ್ತು. ಏನು ಸಾಧ್ಯವಾಗಬಹುದು ಅಂತ ತೋರಿಸೋದಷ್ಟೇ ಉದ್ದೇಶವಾಗಿತ್ತು ಅನ್ನೋದು ಅವರ ವಿವರಣೆ. ಕ್ಲೈಂಟ್ ಡೆಮೋ ಅಂದ್ರೇನು ಅಂತ ಗೊತ್ತಿರೋ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ವ್ಯತ್ಯಾಸ ಇಷ್ಟೇ, ನಮ್ಮ ಕ್ಲೈಂಟ್ ಡೆಮೋ ನೋಡಿ ಕಣ್ಣುಮುಚ್ಚಿ ನೂರು ಕಿಲೋಮೀಟರ್ ವೇಗದಲ್ಲಿ ಕೂರಲ್ಲ.

2019ರ ಏಪ್ರಿಲ್, ಫ್ಲಾರಿಡಾದ ಕೀ ಲಾರ್ಗೋ. ಆಟೋಪೈಲಟ್ ಹಾಕಿಕೊಂಡು ಬರ್ತಿದ್ದ ಮಾಡೆಲ್ ಎಸ್ ಕಾರಿನ ಚಾಲಕನ ಫೋನ್ ಕೆಳಗೆ ಬಿತ್ತು, ಹುಡುಕೋಕೆ ಬಗ್ಗಿದ. ಎದುರಿಗೆ ರಸ್ತೆ ಮುಗಿಯುತ್ತಿತ್ತು. ಕಾರು ನಿಲ್ಲದೆ ಹೋಗಿ, ಬದಿಗೆ ನಿಲ್ಲಿಸಿದ್ದ ಗಾಡಿಗೆ ಗುದ್ದಿತು. ಆ ಗಾಡಿಯ ಪಕ್ಕ ನಿಂತಿದ್ದ 22 ವರ್ಷದ ಹುಡುಗಿ ಸತ್ತಳು, ಜೊತೆಗಿದ್ದ ಗೆಳೆಯನಿಗೆ ಭಾರೀ ಗಾಯ. 2025ರ ಆಗಸ್ಟ್‌ನಲ್ಲಿ ಮಯಾಮಿಯ ಜ್ಯೂರಿ ಶೇ. 33ರಷ್ಟು ಹೊಣೆಯನ್ನು ಟೆಸ್ಲಾ ಮೇಲೆ ಹಾಕಿ, ಸುಮಾರು 24.3 ಕೋಟಿ ಡಾಲರ್ ಕೊಡಬೇಕು ಅಂದಿತು. ಚಾಲಕನ ಕಾಲು ಆಕ್ಸಿಲರೇಟರ್ ಮೇಲಿತ್ತು, ತಪ್ಪು ಪೂರ್ತಿ ಅವನದೇ ಅನ್ನೋದು ಕಂಪನಿಯ ವಾದ, ತೀರ್ಪನ್ನು ಪ್ರಶ್ನಿಸ್ತೀವಿ ಅಂತಲೂ ಹೇಳಿತು. ದೊಡ್ಡ ಪಾಲು ತಪ್ಪು ಚಾಲಕನದೇ ಅಂತ ಜ್ಯೂರಿಯೂ ಒಪ್ಪಿದೆ. ಆದ್ರೆ ನನ್ನ ಕಣ್ಣು ಹೋಗೋದು ಆ ಇಬ್ಬರ ಕಡೆ. ಚಾಲಕ ಕಾರು ಕೊಂಡಿದ್ದ, ಷರತ್ತಿನ ಪುಟಕ್ಕೆ ಒಪ್ಪಿಗೆ ಒತ್ತಿದ್ದ. ರಸ್ತೆ ಬದಿಯಲ್ಲಿ ನಿಂತಿದ್ದವರು ಯಾವುದಕ್ಕೂ 'ಐ ಅಗ್ರೀ' ಒತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಮ್ಮೂರಲ್ಲಿ ಬ್ರೇಕ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಗಾಡಿಯನ್ನು ಮೊದಲು ತಾನೇ ಹತ್ತಿ ಓಡಿಸಿ ನೋಡ್ತಾನೆ. ಮಸ್ಕ್ ಕೂಡ ತನ್ನ ಸಾಫ್ಟ್‌ವೇರನ್ನು ತನ್ನ ಕಾರಲ್ಲೇ ಓಡಿಸಿ ನೋಡ್ತಾನೆ, ಅದು ಮೆಚ್ಚಬೇಕಾದ್ದೇ. ಆದ್ರೆ ನಮ್ಮ ಮೆಕ್ಯಾನಿಕ್ ಓಡಿಸೋದು ಸಂತೆ ಮೈದಾನದಲ್ಲಿ, ಸಂತೆ ಇಲ್ಲದ ದಿನ. ತನ್ನ ಜೀವ ಪಣಕ್ಕಿಡೋ ಹಕ್ಕು ತನಗಿದೆ, ತರಕಾರಿ ಮಾರೋಳ ಜೀವ ಇಡೋ ಹಕ್ಕಿಲ್ಲ ಅನ್ನೋದು ಅವನಿಗೆ ಯಾವ ಬಿಸಿನೆಸ್ ಸ್ಕೂಲೂ ಹೇಳಿಕೊಟ್ಟದ್ದಲ್ಲ.

ಐಸಾಕ್ಸನ್ ಪುಸ್ತಕದ ಮೇಲೆ ನನ್ನ ತಕರಾರು ಇಲ್ಲೇ. ಕಡಿವಾಣ ಹಾಕಿದ್ದರೆ ಮಸ್ಕ್ ಇಷ್ಟೆಲ್ಲ ಸಾಧಿಸ್ತಿದ್ದನೇ ಅನ್ನೋ ಪ್ರಶ್ನೆಯ ಕಡೆಗೆ ಆ ಪುಸ್ತಕ ಕೊನೆಯಲ್ಲಿ ವಾಲುತ್ತೆ. ಕೇಳೋಕೆ ಘನವಾದ ಪ್ರಶ್ನೆ. ಆದ್ರೆ ಅದರಲ್ಲಿ ಇರೋದು ಇಬ್ಬರೇ: ಸಾಹಸಿ, ಮತ್ತು ಅವನ ಸಾಹಸ. ದಾರಿ ಬದಿಯಲ್ಲಿ ನಿಂತವರು ಆ ಲೆಕ್ಕದಲ್ಲಿ ಬರೋದೇ ಇಲ್ಲ. ಈ ವೃತ್ತಿಜೀವನದ ಘಟನೆಗಳೇ ಬೇರೆ ಮಾತು ಹೇಳ್ತವೆ. ಬ್ರೇಕ್ ಸರಿಹೋದದ್ದು ಹೊರಗಿನ ಪತ್ರಿಕೆ ಅಳೆದ ಮೇಲೆ. ಮೆಮೊರಿ ಬದಲಾದದ್ದು ಸುರಕ್ಷತಾ ಸಂಸ್ಥೆ ಒತ್ತಿದ ಮೇಲೆ. ಮಾಡೆಲ್ 3 ಹೊರಬಂದದ್ದು ಕನಸಿನ ಕಾರ್ಖಾನೆ ಬಿಟ್ಟು ಟೆಂಟಿನೊಳಗೆ ಮನುಷ್ಯರನ್ನು ನಿಲ್ಲಿಸಿದ ಮೇಲೆ. ಕಡಿವಾಣ ಬಿದ್ದಾಗಲೆಲ್ಲ ಕಾರು ಚೆನ್ನಾಗಿದೆ.

ಇದು ನಮಗೆ ದೂರದ ಅಮೆರಿಕದ ಕತೆಯೂ ಅಲ್ಲ. ಟೆಸ್ಲಾ ತನ್ನ ಭಾರತದ ಕಂಪನಿಯನ್ನು 2021ರಲ್ಲಿ ನೋಂದಾಯಿಸಿದ್ದು ಬೆಂಗಳೂರಿನಲ್ಲಿ. ಮೊದಲ ಶೋರೂಮ್ 2025ರ ಜುಲೈನಲ್ಲಿ ಮುಂಬೈಯಲ್ಲಿ ತೆರೆಯಿತು. ಮಾಡೆಲ್ ವೈ ಬೆಲೆ ಸುಮಾರು 60 ಲಕ್ಷದಿಂದ ಶುರು. ಬೆಲೆಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು: ಫುಲ್ ಸೆಲ್ಫ್ ಡ್ರೈವಿಂಗ್, ಮೇಲೆ 6 ಲಕ್ಷ. ಇಲ್ಲಿನ ರಸ್ತೆಯಲ್ಲಿ ಅದಿನ್ನೂ ಓಡೋದೇ ಇಲ್ಲ. ರಾತ್ರಿ ಹಿಂದೀಪ ಇಲ್ಲದ ಕಬ್ಬಿನ ಟ್ರೇಲರ್ ಹಿಂದೆ ಬೈಕ್ ಓಡಿಸಿದವರಿಗೆ ಆ ಸಾಲಿನ ತಮಾಷೆ ಅರ್ಥ ಆಗುತ್ತೆ.

ಕಾರು ಮಾಡದೇ ಇದ್ದರೂ ನಾವು ಬರೆಯೋ ಕೋಡ್ ಈಗ ಆಸ್ಪತ್ರೆಯಲ್ಲಿದೆ, ಬ್ಯಾಂಕಿನಲ್ಲಿದೆ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರದಲ್ಲಿದೆ. ಮಸ್ಕ್‌ನ ಐದು ಹೆಜ್ಜೆಗಳು ಎಷ್ಟೋ ಮ್ಯಾನೇಜರುಗಳ ಸ್ಲೈಡಿನಲ್ಲಿ ರಾರಾಜಿಸ್ತಿವೆ. ಒಳ್ಳೇ ಸೂತ್ರ, ಬಿಸಾಕಬೇಡಿ. ಮುಂದಿನ ಸಲ ಯಾರಾದರೂ ಅದನ್ನು ತೋರಿಸಿದಾಗ ಎರಡನೇ ಹೆಜ್ಜೆಯ ಹತ್ತಿರ ಕೈ ಎತ್ತಿ ಎರಡು ಪ್ರಶ್ನೆ ಕೇಳಿ. ಇದು ಬೇಕಿತ್ತು ಅಂತ ಗೊತ್ತಾದರೆ ವಾಪಸ್ ಹಾಕೋಕೆ ಎಷ್ಟು ಹೊತ್ತು ಬೇಕು? ಅಲ್ಲಿಯವರೆಗೆ ತಾಳಿಕೊಳ್ಳಬೇಕಾದವರು ಯಾರು, ಅವರು ಈ ಮೀಟಿಂಗಿನಲ್ಲಿ ಇದ್ದಾರಾ?